ಕಿವಿಗೊಂದು ಕದ

ಹೋದ ವರ್ಷ ಶ್ರಾವಣದಲ್ಲಿ ನಾನೊಂದು ಹೆಡ್‌ಫೋನ್ ಕೊಳ್ಳಲು ಹೊರಟೆ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಅಂಗಡಿಯ ಮೆಟ್ಟಿಲು ಹತ್ತುವವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಸೀರೆ ಕೊಳ್ಳಲು ನನಗೆ ಒಂದು ಮಧ್ಯಾಹ್ನ ಸಾಕು, ಕುಕ್ಕರ್ ಕೊಳ್ಳಲು ಅರ್ಧ ಗಂಟೆ. ಈ ಸಣ್ಣ ಸಾಮಾನಿಗೆ ಎರಡು ತಿಂಗಳು ಹಿಡಿಯಿತು. ಹಣದ ಲೆಕ್ಕ ಒಂದು ವಾರದಲ್ಲೇ ಮುಗಿದಿತ್ತು. ಉಳಿದ ದಿನಗಳೆಲ್ಲ ಬೇರೊಂದು ಲೆಕ್ಕಕ್ಕೆ ಹೋದವು. ನನ್ನ ಕಿವಿ ನನ್ನದೊಂದೇ ಏನು ಎಂಬುದು ಆ ಲೆಕ್ಕ.

ನಾನು ಬೆಳೆದದ್ದು ಧಾರವಾಡದಲ್ಲಿ. ನಮ್ಮ ಮನೆಯ ಪಡಸಾಲೆಯ ಮಾಡದಲ್ಲಿ ಅಪ್ಪನ ರೇಡಿಯೋ ಇತ್ತು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ ಹಾಡಿಕೆ ಬರುತ್ತದೆ ಎಂದರೆ ಅಪ್ಪ ಅದರ ಕಿವಿ ಹಿಂಡಿ ದನಿ ಏರಿಸುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ಪಕ್ಕದ ಮನೆಯವರು ಅವರ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಕೇಳಲು ಇಷ್ಟವಿಲ್ಲದವರೂ ಕೇಳುತ್ತಿದ್ದರು, ಅವರಿಗೆ ಬೇರೆ ದಾರಿಯಿರಲಿಲ್ಲ. ಸಂಗೀತ ಎಂದರೆ ಓಣಿಗೆಲ್ಲ ಸೇರಿದ ನಲ್ಲಿಯ ನೀರಿನಂತೆ. ಒಬ್ಬಳೇ ಕೇಳುವುದು ಎಂಬ ಮಾತೇ ನನಗೆ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಪುಣೆಯಲ್ಲಿರುವ ಅಣ್ಣನ ಮಗ ರಜೆಗೆ ಬಂದವನು ತಾನು ಬಳಸಿ ಬಿಟ್ಟ, ಕಿವಿಯೊಳಗೆ ತುರುಕಿಕೊಳ್ಳುವ ಸಣ್ಣ ಇಯರ್‌ಫೋನನ್ನು ನನಗೆ ಕೊಟ್ಟು, ಮೊಬೈಲಿನಲ್ಲಿ ಹಾಡು ತುಂಬಿಸಿ ಹೋದ. ಮೊದಲ ಸಲ ಹಾಕಿಕೊಂಡ ದಿನ ನೆನಪಿದೆ. ರಬ್ಬರಿನ ತುದಿ ಒಳಗೆ ಕೂತದ್ದೇ ತಡ, ಮನೆಯೆಲ್ಲ ಆರಿ ಹೋಯಿತು. ಮಿಕ್ಸರ್ ಇಲ್ಲ, ಬೀದಿಯ ನಾಯಿ ಇಲ್ಲ, ಎದುರು ಮನೆಯ ಟೀವಿ ಇಲ್ಲ. ತಂಬೂರಿಯ ನಾದವೊಂದೇ ತಲೆಯ ನಡುವೆ ಎದ್ದು ನಿಂತಿತು. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವಳು ನಾನು. ಹಗಲೆಲ್ಲ ಅರವತ್ತು ಮಕ್ಕಳ ಗದ್ದಲ, ಸಂಜೆ ಬಸ್ಸಿನ ಗದ್ದಲ, ಮನೆಗೆ ಬಂದರೆ ಕುಕ್ಕರಿನ ಸೀಟಿ, ಬಾಗಿಲ ಗಂಟೆ. ಎಲ್ಲಿ ಯಾರು ಕೂಗಿದರೂ ‘ಬಂದೆ’ ಎನ್ನಲು ತಯಾರಾಗಿ ನಿಂತಿರುವ ಕಿವಿ ನನ್ನದು. ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ, ಕಿವಿಗೆ ಮಾತ್ರ ಕದವಿಲ್ಲ. ಅಂದು ನನಗೆ ಯಾರೋ ಕದ ಮಾಡಿಸಿಕೊಟ್ಟಂತಾಯಿತು. ಖುಷಿಯಿಂದ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಾರದು.

ಆ ಇಯರ್‌ಫೋನು ಆರು ತಿಂಗಳಿಗೆ ಒಂದು ಕಡೆ ಮೂಕವಾಯಿತು. ಹೊಸದು ಬೇಕಾಯಿತು. ಸಾವಿರದ ಐನೂರು ರೂಪಾಯಿ ಮೇಲೆ ಹೋಗಬಾರದೆಂದು ಲೆಕ್ಕ ಹಾಕಿ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಒಂದು ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ನಿಂತ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ಇಯತ್ತೆಯಲ್ಲಿ ಕನ್ನಡದಲ್ಲಿ ಜಸ್ಟ್ ಪಾಸಾದವನು, ಇಲ್ಲಿ ನನಗೇ ಪಾಠ ಮಾಡಿದ.

“ಅಕ್ಕೋರ, ಇದನ್ನ ಹಾಕ್ಕೊಂಡು ನೋಡ್ರಿ. ಬೇಸ್ ಭಾಳ ಛಲೋ ಐತಿ. ಎದಿಯೊಳಗ ಗುಡುಗತೈತಿ.”

“ಎದಿಯೊಳಗ ಗುಡುಗೋದು ಬ್ಯಾಡಪಾ, ನನಗ ತಂಬೂರಿ ಕೇಳಬೇಕು” ಅಂದೆ.

ನಾನು ಪರೀಕ್ಷೆ ಮಾಡಿದ ರೀತಿಯನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಅಂಗಡಿಯವರು ಹಾಕುವ ಹಾಡನ್ನು ಕೇಳಬಾರದು. ನಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಮೊಬೈಲಿನಲ್ಲಿ ಒಯ್ಯಬೇಕು. ನಾನು ಒಯ್ದದ್ದು ಮನಸೂರರ ಒಂದು ಖ್ಯಾಲ್. ಹಾಡಿಕೆಯ ಹಿಂದೆ ತಂಬೂರಿ ಕೊನೆಯವರೆಗೆ ಬಿಡದೆ ಕೇಳುತ್ತದೆಯೇ, ತಬಲಾದ ಎಡಗೈಯ ಪೆಟ್ಟು ಗಾಯಕನ ದನಿಯ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆಯೇ, ತಾರಸ್ಥಾಯಿಯಲ್ಲಿ ಸ್ವರ ಚುಚ್ಚುತ್ತದೆಯೇ, ಈ ಮೂರನ್ನೇ ನೋಡಿದೆ. ಎದೆಯಲ್ಲಿ ಗುಡುಗುವ ಹೆಡ್‌ಫೋನಿನಲ್ಲಿ ತಬಲಾ ನಗಾರಿಯಾಗಿತ್ತು, ತಂಬೂರಿ ಮಾಯವಾಗಿತ್ತು. ನಮ್ಮ ತರಗತಿಗಳಲ್ಲಿಯೂ ಇಂಥವರಿರುತ್ತಾರೆ: ಒಂದು ವಿಷಯದಲ್ಲಿ ತೊಂಬತ್ತೆಂಟು, ಉಳಿದವುಗಳಲ್ಲಿ ಮೂವತ್ತು. ಎಲ್ಲದರಲ್ಲಿಯೂ ಅರವತ್ತು ಪಡೆಯುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಮನೆಗೆ ಕರೆದು ಕೆಲಸ ಹೇಳುವಾಗ ನೆನಪಾಗುವವಳು ಅವಳೇ. ನನಗೆ ಬೇಕಾದದ್ದು ಅಂಥ ಹೆಡ್‌ಫೋನು. ಖ್ಯಾಲೂ ಕೇಳಬೇಕು, ವಚನವೂ ಕೇಳಬೇಕು, ಭಾವಗೀತೆಯೂ ಕೇಳಬೇಕು, ಮಗಳ ಫೋನ್ ಬಂದರೆ ಮಾತೂ ಕೇಳಬೇಕು.

ಬೆಲೆಯ ಬಗ್ಗೆ ನನಗಿದ್ದ ಅಳುಕು ಓದಿದ ಮೇಲೆ ಹೋಯಿತು. 2017ರಲ್ಲಿ ಅಮೆರಿಕದ ಧ್ವನಿವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ 283 ಹೆಡ್‌ಫೋನುಗಳನ್ನು ಅಳೆದು ನೋಡಿದ್ದರು. ಮಂದ್ರದಿಂದ ತಾರದವರೆಗೆ ಅವು ನಾದವನ್ನು ಒಪ್ಪಿಸುವ ಬಗೆಗೂ ಅವುಗಳ ಬೆಲೆಗೂ ಸಂಬಂಧ ಕಾಣಲಿಲ್ಲವಂತೆ. ದುಬಾರಿಯಾದದ್ದು ಕಿವಿಗೆ ಮೆತ್ತಗಿರಬಹುದು, ಹೆಚ್ಚು ಕಾಲ ಬಾಳಬಹುದು, ಆದರೆ ಬೆಲೆಯ ಚೀಟಿ ನೋಡಿ ದನಿಯನ್ನು ಊಹಿಸಲಾಗದು. ತಂತಿ ಇಲ್ಲದ್ದನ್ನು ನಾನು ಬೇಡವೆಂದೆ. ಅದರೊಳಗಿನ ಪುಟ್ಟ ಬ್ಯಾಟರಿ ಸವೆದರೆ ಬದಲಿಸುವುದು ಕಷ್ಟ, ಇಡೀ ಸಾಮಾನನ್ನೇ ಎಸೆಯಬೇಕು. ನನ್ನ ಹಳೆಯ ಮೊಬೈಲಿಗೆ ಇನ್ನೂ ತಂತಿಯ ತೂತು ಇದೆ. ಡಬ್ಬಿಯ ಮೇಲೆ 16 ಅಥವಾ 32 ಓಮ್ ಎಂದಿದ್ದರೆ ಮೊಬೈಲಿನ ಶಕ್ತಿಯೇ ಅದಕ್ಕೆ ಸಾಕು. ಇಷ್ಟೆಲ್ಲ ತಿಳಿದುಕೊಂಡು ಜಾಣೆಯಂತೆ ನಿಂತಿದ್ದೆ. ಆಗ ಹುಡುಗ ಕೇಳಿದ:

“ಮುಚ್ಚಿದ್ದು ಬೇಕೇನ್ರಿ, ತೆರೆದದ್ದು ಬೇಕೇನ್ರಿ?”

ಮುಚ್ಚಿದ್ದು ಎಂದರೆ ಹಿಂಬದಿ ಭದ್ರವಾಗಿರುವ, ಕಿವಿಯನ್ನು ಸುತ್ತಲೂ ಅಪ್ಪಿಕೊಳ್ಳುವ ಬಗೆ. ಒಳಗಿನದು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ತೆರೆದದ್ದರ ಹಿಂಬದಿಯಲ್ಲಿ ಜಾಳಿಗೆ, ಕಿವಿಯ ಮೇಲೆ ಬರೀ ಸ್ಪಂಜು. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಇಂಥದನ್ನು ಹೊರತಂದಿತು. ಅಮೆರಿಕದ ಕಾಸ್ ಕಂಪನಿ 1984ರಲ್ಲಿ ಮಾಡಿದ ಪೋರ್ಟಾ ಪ್ರೋ ಎಂಬುದು ಹೆಚ್ಚುಕಡಿಮೆ ಅದೇ ರೂಪದಲ್ಲಿ ಈಗಲೂ ತಯಾರಾಗುತ್ತದೆ. ತೆರೆದದ್ದರಲ್ಲಿ ದನಿ ತಲೆಯೊಳಗೆ ಗೂಡು ಕಟ್ಟದೆ ಬಯಲಲ್ಲಿ ಹರಡಿದಂತೆ ಕೇಳುತ್ತದೆ. ಆದರೆ ಸದ್ದು ಹೊರಗೆ ಸೋರುತ್ತದೆ, ಊರಿನ ಸದ್ದೆಲ್ಲ ಒಳಗೆ ಬರುತ್ತದೆ. “ನಿಮ್ಮಂಥಾ ಶಾಂತ ಮಂದಿಗೆ ಮುಚ್ಚಿದ್ದ ಛಲೋರಿ” ಎಂದ ಹುಡುಗ. ನಾನು ಉತ್ತರ ಹೇಳಲಾರದೆ, ಮತ್ತೆ ಬರುತ್ತೇನೆಂದು ಎದ್ದು ಬಂದೆ.

ಏಕೆಂದರೆ ಆ ಚೈತ್ರದಲ್ಲಿ ಒಂದು ರಾತ್ರಿ ನಡೆದದ್ದು ನನಗೆ ನೆನಪಾಯಿತು.

ಯಜಮಾನರು ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಯಲ್ಲಿದ್ದಾಳೆ. ಎಂಬತ್ತೊಂದು ವರ್ಷ. ನಮ್ಮ ಮನೆಯ ಬಚ್ಚಲು ಹಿತ್ತಲ ಕಡೆ. ಅಂದು ಊಟವಾದ ಮೇಲೆ ನಾನು ಪಡಸಾಲೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಕರೆಂಟು ಹೋಯಿತು. ಮೊಬೈಲಿಗೆ ಅದರ ಹಂಗಿಲ್ಲವಲ್ಲ, ಹಾಡು ನಿಲ್ಲಲಿಲ್ಲ. ಕತ್ತಲೆಯಲ್ಲಿ ಸಂಗೀತ ಇನ್ನೂ ಸೊಗಸಾಗಿ ಕೇಳುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ. ವಿಲಂಬಿತ ಮುಗಿದು ದ್ರುತ್ ಮುಗಿದು ದೀಪ ಬಂದಾಗ ಅವ್ವನ ಹಾಸಿಗೆ ಖಾಲಿಯಿತ್ತು. ಬಚ್ಚಲಿನಲ್ಲಿ ಅವ್ವ ಒದ್ದೆ ನೆಲದ ಮೇಲೆ ಕಾಲಿಡಲು ಹೆದರಿ, ನಲ್ಲಿಯನ್ನು ಹಿಡಿದು ನಿಂತಿದ್ದಳು. ಮೊಣಕಾಲು ನಡುಗುತ್ತಿದ್ದವು.

“ಎಷ್ಟ ಸಲ ಕೂಗಿದ್ಯಬೇ?” ಎಂದೆ.

“ಎಣಿಸಿಲ್ಲ ಬಿಡು. ನಿನಗ ನಿದ್ದಿ ಹತ್ತಿರಬೇಕು ಅಂತ ಆಮ್ಯಾಲೆ ಸುಮ್ಮನಾದೆ.”

ಬಿದ್ದಿರಲಿಲ್ಲ, ಏನೂ ಆಗಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ‘ಸುಮ್ಮನಾದೆ’ ಎಂಬ ಆ ಮಾತು ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕೂಗಿದರೆ ಕೇಳುತ್ತದೆ ಎಂಬ ನಂಬಿಕೆಯ ಮೇಲೆ ಮುದುಕಿಯೊಬ್ಬಳು ರಾತ್ರಿ ಹಿತ್ತಲಿಗೆ ಹೋಗುತ್ತಾಳೆ. ಆ ನಂಬಿಕೆಯನ್ನು ನಾನು ಅವಳಿಗೆ ತಿಳಿಸದೆ ಕಿತ್ತುಕೊಂಡಿದ್ದೆ.

ಹಾಗೆಂದು ತೆರೆದದ್ದನ್ನು ಕೊಂಡುಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸುಲಭವಾಗಿರಲಿಲ್ಲ. ನನ್ನೊಳಗೆ ಇನ್ನೊಂದು ದನಿಯಿತ್ತು. ಯಾಕೆ ಯಾವಾಗಲೂ ನನ್ನ ಕಿವಿಯೇ ತೆರೆದಿರಬೇಕು? ಅಣ್ಣ ಪುಣೆಯಲ್ಲಿ ಕಿವಿಗೆ ಏನು ಹಾಕಿಕೊಂಡು ಕೂತರೂ ಯಾರೂ ಕೇಳುವುದಿಲ್ಲ. ಭಾನುವಾರ ಹತ್ತು ನಿಮಿಷ ಫೋನ್ ಮಾಡಿದರೆ ಅವನು ಒಳ್ಳೆಯ ಮಗ. ಮನೆಯ ಹೆಣ್ಣು ಒಂದು ಗಂಟೆ ಯಾರಿಗೂ ಸಿಗದೆ ಹೋದರೆ ಅದು ತಪ್ಪಾಗುತ್ತದೆ. ಇದು ನ್ಯಾಯವಲ್ಲ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ಅನ್ಯಾಯದ ಲೆಕ್ಕವನ್ನು ಬಚ್ಚಲಲ್ಲಿ ನಿಂತ ಅವ್ವನ ಖಾತೆಗೆ ಹಚ್ಚಲಾದೀತೇ?

ಈ ಗೊಂದಲದಲ್ಲಿ ವಾಕ್‌ಮನ್ನಿನ ಕತೆ ನನ್ನ ಕೈಗೆ ಸಿಕ್ಕಿತು. ನಡೆಯುತ್ತ ಹಾಡು ಕೇಳುವ ರೂಢಿಯನ್ನು ಲೋಕಕ್ಕೆಲ್ಲ ಹಚ್ಚಿದ ಯಂತ್ರ ಅದು. ಜಪಾನಿನ ಸೋನಿ ಕಂಪನಿ 1979ರ ಜುಲೈಯಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಆ ಮೊದಲ ಪೆಟ್ಟಿಗೆಯಲ್ಲಿ ಹೆಡ್‌ಫೋನಿಗೆ ಒಂದಲ್ಲ, ಎರಡು ತೂತುಗಳಿದ್ದವು. ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ. ಅದನ್ನು ಒತ್ತಿದರೆ ಹಾಡು ತಗ್ಗಿ, ಪಕ್ಕದವರು ಆಡಿದ ಮಾತು ಸಣ್ಣ ಮೈಕಿನ ಮೂಲಕ ಕಿವಿಗೆ ಬರುತ್ತಿತ್ತು. ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ತಮ್ಮ ಆತ್ಮಕಥೆಯಲ್ಲಿ ಇದರ ಕಾರಣ ಹೇಳಿದ್ದಾರೆ. ಅವರು ಮನೆಯಲ್ಲಿ ಅದನ್ನು ಹಾಕಿಕೊಂಡು ಕೂತಾಗ, ತನ್ನನ್ನು ಹೊರಗಿಟ್ಟಂತಾಯಿತೆಂದು ಹೆಂಡತಿಗೆ ಬೇಸರವಾಯಿತಂತೆ. ಒಬ್ಬರೇ ಕೇಳುವುದು ಸಭ್ಯತೆಯಲ್ಲ ಎಂದು ಅವರಿಗೆ ಅನಿಸಿತು. ಆದರೆ ಕೊಂಡವರಿಗೆ ಹಾಗೆ ಅನಿಸಲಿಲ್ಲ. ಅದು ತಮ್ಮೊಬ್ಬರದೇ ವಸ್ತು ಎಂದು ಅವರು ತಿಳಿದರು. ಮುಂದೆ ಬಂದ ಮಾದರಿಗಳಲ್ಲಿ ಆ ಗುಂಡಿಯೂ ಹೋಯಿತು, ಎರಡನೆಯ ತೂತೂ ಹೋಯಿತು. ಅದನ್ನು ಮುಚ್ಚಿಸಿದವರು ಕೊಂಡವರು, ಎಂದರೆ ನನ್ನಂಥವರೇ.

ಮುಚ್ಚಿದ್ದು ಪಾಪ, ತೆರೆದದ್ದು ಪುಣ್ಯ ಎಂದು ಇದರಿಂದ ತೀರ್ಮಾನಿಸಲು ನನಗೆ ಮನಸ್ಸಾಗಲಿಲ್ಲ. ಆಗ ಅವ್ವನದೇ ಒಂದು ಹಳೆಯ ಚಿತ್ರ ಕಣ್ಣ ಮುಂದೆ ಬಂತು. ಎಂಟು ಜನರ ಸಂಸಾರ. ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಅವ್ವ ಕೂತಳೆಂದರೆ ಅರ್ಧ ಗಂಟೆ ಅವಳನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಅಪ್ಪ ಚಹಾ ಕೇಳುವಂತಿರಲಿಲ್ಲ, ಅಜ್ಜಿ ಕರೆಯುವಂತಿರಲಿಲ್ಲ. ಕೂಸು ಅತ್ತರೆ ದೊಡ್ಡವ್ವ ಎತ್ತಿಕೊಳ್ಳುತ್ತಿದ್ದಳು. ಹಗಲಿಡೀ ಎಲ್ಲರಿಗೂ ಸಲ್ಲುವ ಆ ಹೆಂಗಸು ಅಷ್ಟು ಹೊತ್ತು ಯಾರಿಗೂ ಸಲ್ಲುತ್ತಿರಲಿಲ್ಲ. ಅವಳ ಭಕ್ತಿಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಆ ಕಾಲದ ಹೆಣ್ಣಿಗೆ ಒಂಟಿಯಾಗಿರುವ ಹಕ್ಕು ಸಿಗುತ್ತಿದ್ದದ್ದು ದೇವರ ಹೆಸರಿನಲ್ಲಿ ಮಾತ್ರ ಎಂಬುದು ನನಗೆ ಈಗ ಹೊಳೆಯುತ್ತದೆ. ಇನ್ನೊಂದೂ ಹೊಳೆಯುತ್ತದೆ. ಅವ್ವನ ಆ ಅರ್ಧ ಗಂಟೆ ಮನೆಯವರಿಗೆಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳುವವರು ಯಾರೆಂದು ಮೊದಲೇ ಗೊತ್ತಿತ್ತು. ಅವಳು ಹೇಳಿ ಕದ ಹಾಕಿಕೊಂಡಿದ್ದಳು, ನಾನು ಹೇಳದೆ ಹಾಕಿಕೊಂಡಿದ್ದೆ. ನನ್ನ ತಪ್ಪು ಕದದಲ್ಲಿರಲಿಲ್ಲ.

ಆ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಆ ರಾತ್ರಿ ನಿದ್ದೆ ಹತ್ತಿರಲಿಲ್ಲ, ಹಾಡು ಕೇಳುತ್ತಿದ್ದೆ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು. ಕಿವ್ಯಾಗ ವಾಯರ ಜೋತಾಡತಿತ್ತಲ್ಲ” ಎಂದಳು. ಆಮೇಲೆ, “ಮೊದಲ ಹೇಳಿದ್ರ ನಾ ಕಂದೀಲು ಒಯ್ತಿದ್ದೆ” ಎಂದಳು.

ಮರುವಾರ ಹುಬ್ಬಳ್ಳಿಗೆ ಹೋಗಿ ತೆರೆದದ್ದನ್ನೇ ತಂದೆ. ಒಂದು ಸಾವಿರದ ಇನ್ನೂರು ರೂಪಾಯಿ. ತಂಬೂರಿ ಕೇಳುತ್ತದೆ, ಕರೆದರೂ ಕೇಳುತ್ತದೆ. ಕರೆದದ್ದು ಕೇಳಿದ ಮೇಲೆ ‘ಬಂದೆ’ ಎನ್ನುವುದೋ ‘ತಡಿ’ ಎನ್ನುವುದೋ ನನಗೆ ಬಿಟ್ಟದ್ದು. ಇದರಿಂದ ನಷ್ಟವೂ ಆಗಿದೆ. ಬಸ್ಸಿನಲ್ಲಿ ಇದು ಕೆಲಸಕ್ಕೆ ಬಾರದು. ಇಂಜಿನ್ನಿನ ಸದ್ದನ್ನು ಗೆಲ್ಲಲು ದನಿ ಏರಿಸಬೇಕಾಗುತ್ತದೆ. 80 ಡೆಸಿಬಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟಕ್ಕೆ ಕಿವಿ ಕಳೆದುಕೊಳ್ಳುವುದೇಕೆಂದು ಬಸ್ಸಿನಲ್ಲಿ ಈಗ ಕಿಟಕಿಯ ಹೊರಗೆ ನೋಡುತ್ತೇನೆ. ದಿನಕ್ಕೆ ಒಂದೂವರೆ ಗಂಟೆಯ ಸಂಗೀತ ಹೋಯಿತು. ಎಲ್ಲದಕ್ಕೂ ಒದಗುವ ಒಂದೇ ಹೆಡ್‌ಫೋನು ಎಂಬುದು ಅಂಗಡಿಯವರ ಮಾತು. ನಾವು ಏನನ್ನು ಬಿಡಲು ಒಪ್ಪುತ್ತೇವೆ ಎಂಬುದೇ ನಿಜವಾದ ಆಯ್ಕೆ.

ಬಾಕಿ ಇದ್ದ ಹಣದಲ್ಲಿ ಒಂದು ತೂತನ್ನು ಎರಡು ಮಾಡುವ ತುಂಡು ವಾಯರನ್ನೂ ತಂದಿದ್ದೆ. ಮಗಳ ಹಳೆಯ ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿ ಅವ್ವನ ತಲೆಗೆ ಹಾಕಿದೆ. ಐದು ನಿಮಿಷಕ್ಕೆ ಅವ್ವ ಅದನ್ನು ತೆಗೆದು ಕೈಗೆ ಕೊಟ್ಟಳು.

“ಕಿವಿ ಬೆವರತಾವ. ನೀ ಕೇಳು. ನನಗ ಇಲ್ಲಿಗೇ ಸಣ್ಣಾಗಿ ಕೇಳಸತೈತಿ.”

ನನ್ನ ಸ್ಪಂಜಿನಿಂದ ಸೋರಿದ ದನಿ ಅದು. ಅವ್ವ ಅವರೆಕಾಯಿ ಸುಲಿಯುತ್ತ ಕೂತಳು, ನಾನು ಹಾಡು ಮುಂದುವರಿಸಿದೆ.