ಮಕ್ಕಳ ಚಿತ್ರ ಮತ್ತು ಮಗುವಿನ ಭಯ

ಒಂದು ಚಲನಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ ಎಂದು ತೀರ್ಮಾನಿಸುವಾಗ ನಮ್ಮ ಮನೆಗಳಲ್ಲಿ ನಾವು ಕೇಳುವ ಪ್ರಶ್ನೆ ಯಾವುದು? ಅದರಲ್ಲಿ ಅಶ್ಲೀಲವಾದದ್ದೇನಾದರೂ ಇದೆಯೇ? ಕುಣಿತ, ಕುಡಿತ, ಅಪ್ಪುಗೆಗಳಿವೆಯೇ? ಇಲ್ಲವೆಂದು ಗೊತ್ತಾದರೆ, ಚೊಕ್ಕ ಚಿತ್ರ, ನೋಡಲಿ ಎಂದು ಹೇಳಿ ನಮ್ಮ ಕೆಲಸಕ್ಕೆ ಹೊರಡುತ್ತೇವೆ. ಚಲನಚಿತ್ರವನ್ನೇ ಮನೆಯೊಳಗೆ ಬಿಟ್ಟುಕೊಳ್ಳದ ಕುಟುಂಬಗಳೂ ಇವೆ. ಅವರೊಂದಿಗೆ ನನ್ನ ತಕರಾರೇನೂ ಇಲ್ಲ. ಆದರೆ ಬಿಟ್ಟುಕೊಂಡವರೇ ಹೆಚ್ಚು, ನಾನೂ ಅವರಲ್ಲೊಬ್ಬ. ನನ್ನ ಮಾತೇನಿದ್ದರೂ ಅವರೊಂದಿಗೆ.

ಕಳೆದ ಬೇಸಗೆ ರಜೆಯಲ್ಲಿ ಅಕ್ಕನ ಮಕ್ಕಳು ನಮ್ಮಲ್ಲಿಗೆ ಬಂದಿದ್ದರು. ದೊಡ್ಡವನಿಗೆ ಹನ್ನೊಂದು ವರ್ಷ, ಚಿಕ್ಕವನಿಗೆ ಎಂಟು. ನನ್ನ ಮಗಳಿಗೆ ಆಗ ನಾಲ್ಕೂವರೆ. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಬಂದಾಗ ದೊಡ್ಡವನು 'ಜಂಗಲ್ ಬುಕ್' ನೋಡೋಣ ಎಂದ. 2016ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ ಅದು. ನಮಗೆ ಸಿಕ್ಕಿದ್ದು ಅದರ ಹಿಂದಿ ರೂಪ. ತೋಳಗಳ ನಡುವೆ ಬೆಳೆದ ಹುಡುಗನೊಬ್ಬನ ಕಥೆ. ಒಬ್ಬ ಹುಡುಗನನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಪ್ರಾಣಿಗಳೇ. ಇದಕ್ಕಿಂತ ಚೊಕ್ಕ ಚಿತ್ರ ಇನ್ನೆಲ್ಲಿ ಸಿಗಬೇಕು?

ಹುಲಿ ಬಂತು. ಮಗಳು ನನ್ನ ತೋಳು ಹಿಡಿದುಕೊಂಡಳು, ಆದರೆ ಕಣ್ಣು ತೆಗೆಯಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡೆ. ಆಮೇಲೆ ಕತ್ತಲು ಮುಸುಕಿದ ಒಂದು ಮರ, ಅದರ ಮೇಲೆ ಹೆಬ್ಬಾವು. ಗರ್ಜನೆಯಿಲ್ಲ, ಹೊಡೆದಾಟವಿಲ್ಲ. ಹೆಂಗಸಿನ ಮೆಲುದನಿಯಲ್ಲಿ ಹಾವು ಮಾತನಾಡುತ್ತದೆ, ಮಾತನಾಡುತ್ತಲೇ ಹುಡುಗನ ಸುತ್ತ ಸುತ್ತಿಕೊಳ್ಳುತ್ತದೆ. ಮಗಳು ಎದ್ದು ನನ್ನ ಬೆನ್ನ ಹಿಂದೆ ಮುಖ ಅಡಗಿಸಿದಳು. ದೊಡ್ಡ ಹುಡುಗ "ಪುಕ್ಕಲಿ, ಪುಕ್ಕಲಿ" ಎಂದು ನಕ್ಕ. ನಾನೂ ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು. "ಅದು ಸುಳ್ಳು ಹಾವು ಮಗಳೇ, ಕಂಪ್ಯೂಟರಿನಲ್ಲಿ ಮಾಡಿದ್ದು" ಎಂದು ಅವಳ ಮುಖವನ್ನು ತಿರುಗಿಸಿ ಪರದೆಯ ಕಡೆಗೆ ಹಿಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಉಮ್ಮ, "ಮಗುವನ್ನು ಇಲ್ಲಿ ಕಳಿಸಿ" ಎಂದಳು. "ಇರಲಿ ಬಿಡು, ಹೆದರಿಕೆ ಬಿಟ್ಟುಹೋಗಲಿ" ಎಂದೆ.

ಹೆದರಿಕೆ ಬಿಟ್ಟುಹೋಗಲಿಲ್ಲ. ಆ ರಾತ್ರಿ ಹಾಸಿಗೆ ಒದ್ದೆಯಾಯಿತು. ಮುಂದೆ ಎರಡು ವಾರಕ್ಕೂ ಹೆಚ್ಚು ಕಾಲ ಕತ್ತಲಾದ ಮೇಲೆ ಮಂಚದಿಂದ ಕಾಲು ಕೆಳಗಿಡಲು ಅವಳು ಒಪ್ಪಲಿಲ್ಲ. ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕಾಯಿತು.

ಈ ಚಿತ್ರದ ಬಗ್ಗೆ ಒಂದು ಸಂಗತಿ ನನಗೆ ಆಮೇಲೆ ನೆನಪಾಯಿತು. 2016ರಲ್ಲಿ ನಮ್ಮ ದೇಶದ ಸೆನ್ಸಾರ್ ಮಂಡಳಿ ಅದಕ್ಕೆ ಎಲ್ಲರೂ ನೋಡಬಹುದಾದ 'ಯು' ಪ್ರಮಾಣಪತ್ರ ಕೊಡದೆ 'ಯು/ಎ' ಕೊಟ್ಟಿತ್ತು. ಅಂದರೆ 12 ವರ್ಷದೊಳಗಿನ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರ. ತ್ರೀಡಿಯಲ್ಲಿ ಪ್ರಾಣಿಗಳು ನೋಡುಗರ ಮೇಲೆಯೇ ಎರಗುವಂತೆ ಕಾಣುತ್ತವೆ, ಮಕ್ಕಳು ಹೆದರುತ್ತಾರೆ ಎಂಬುದು ಅಂದಿನ ಅಧ್ಯಕ್ಷರು ಕೊಟ್ಟ ಕಾರಣ. ಇಡೀ ದೇಶ ನಕ್ಕಿತು. ಮೌಗ್ಲಿಯ ಕಥೆ ನೋಡಲು ಮಕ್ಕಳಿಗೆ ಕಾವಲು ಬೇಕೇ ಎಂದು ಪತ್ರಿಕೆಗಳು ಕುಟುಕಿದವು. ನಕ್ಕವರಲ್ಲಿ ನಾನೂ ಇದ್ದೆ. ಮಂಡಳಿಯ ಬೇರೆಲ್ಲ ತೀರ್ಮಾನಗಳಿಗೆ ನಾನು ವಕೀಲನಲ್ಲ. ಆದರೆ ಆ ಒಂದು ನಗುವನ್ನು ಹಿಂದಕ್ಕೆ ಪಡೆಯಲು ಸಿದ್ಧನಿದ್ದೇನೆ.

ಇದು ಹೊಸ ಪ್ರಶ್ನೆಯೂ ಅಲ್ಲ. ಡಿಸ್ನಿ ಸಂಸ್ಥೆಯ 'ಸ್ನೋ ವೈಟ್' 1938ರಲ್ಲಿ ಬ್ರಿಟನ್ನಿಗೆ ಬಂದಾಗ, ಅದರ ಮಾಟಗಾತಿಯನ್ನೂ ಭಯ ಹುಟ್ಟಿಸುವ ಕಾಡನ್ನೂ ಕಂಡ ಅಲ್ಲಿನ ಮಂಡಳಿಯು ಮಕ್ಕಳು ದೊಡ್ಡವರ ಜೊತೆಯಲ್ಲೇ ನೋಡಬೇಕೆಂಬ ದರ್ಜೆಯನ್ನು ಕೊಟ್ಟಿತ್ತು. ನಮ್ಮಲ್ಲಿ 'ಯು/ಎ' ಬಂದದ್ದು 1983ರಲ್ಲಿ. 2023ರ ತಿದ್ದುಪಡಿ ಕಾನೂನು ಅದನ್ನು 7, 13, 16 ವರ್ಷಗಳೆಂದು ಮೂರು ಮೆಟ್ಟಿಲುಗಳಾಗಿ ಒಡೆಯಿತು. ಒಳ್ಳೆಯದೇ ಆಯಿತು. ನಾಲ್ಕರ ಮಗುವನ್ನೂ ಹನ್ನೊಂದರ ಹುಡುಗನನ್ನೂ ಒಂದೇ ಚೀಲಕ್ಕೆ ಹಾಕುತ್ತಿದ್ದುದು ತಪ್ಪಿತು. ಆದರೂ ಮಂಡಳಿ ನೋಡುವುದು ಚಿತ್ರವನ್ನು, ನನ್ನ ಮಗುವನ್ನಲ್ಲ. ನನ್ನ ಮಗಳಿಗೆ ಹಿಂದಿ ಬಾರದೆಂದು ಮಂಡಳಿಗೆ ಗೊತ್ತಿಲ್ಲ. ದೊಡ್ಡವರಿಗೆ ಅಲ್ಲಿ ಕಥೆ ಇತ್ತು. ಕರಡಿ ಬಂದು ಹುಡುಗನನ್ನು ಬಿಡಿಸುತ್ತದೆಂಬ ಧೈರ್ಯವಿತ್ತು. ಮಾತು ತಿಳಿಯದ ಮಗುವಿಗೆ ಇದ್ದದ್ದು ಒಂದು ಕಣ್ಣು, ಒಂದು ಬಾಲ, ಒಂದು ದನಿ. ಹಿಂದಿ, ಇಂಗ್ಲಿಷ್ ಚಿತ್ರಗಳನ್ನು ಮಕ್ಕಳ ಮುಂದೆ ಹಾಕಿಡುವ ನಮ್ಮ ಮನೆಗಳಲ್ಲಿ ಇದನ್ನು ಯಾರಾದರೂ ಯೋಚಿಸಿದ್ದೇವೆಯೇ?

ಮಕ್ಕಳು ಟೀವಿ, ಚಲನಚಿತ್ರಗಳಿಗೆ ಹೆದರುವುದನ್ನೇ ಹಲವು ವರ್ಷ ಅಧ್ಯಯನ ಮಾಡಿದವರು ಅಮೆರಿಕದ ಜೋವಾನ್ ಕ್ಯಾಂಟರ್. ಒಳ್ಳೆಯ ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗಿ ಮಾರ್ಪಟ್ಟು ಜನರನ್ನು ಕಾಪಾಡುವ 'ಹಲ್ಕ್' ಎಂಬ ಧಾರಾವಾಹಿ ಅಲ್ಲಿತ್ತು. ಹೆತ್ತವರಿಗೆ ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಪುಟ್ಟ ಮಕ್ಕಳಿಗೆ ಮಾತ್ರ ಆ ಮಾರ್ಪಾಡೇ ವಿಪರೀತ ಭಯ ಹುಟ್ಟಿಸಿತು. ಅವನು ಒಳ್ಳೆಯವನೆಂಬ ಸಮಾಧಾನ ಅವರನ್ನು ತಲುಪಲೇ ಇಲ್ಲ. ಸುಮಾರು ಏಳು ವರ್ಷದವರೆಗಿನ ಮಗು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ, ದೊಡ್ಡ ಮಗು ಹೆದರುವುದು ನಿಜವಾಗಿ ಆಗಬಹುದಾದ ಸಂಗತಿಗೆ ಎಂದು ಆಕೆ ಹೇಳುತ್ತಾರೆ. "ಅದು ಸುಳ್ಳು" ಎಂಬ ನಮ್ಮ ಔಷಧ ಒಂಬತ್ತು ಹತ್ತರ ಮಕ್ಕಳಿಗೆ ನಾಟುತ್ತದೆ, ನಾಲ್ಕೈದರ ಮಗುವಿಗೆ ನಾಟುವುದಿಲ್ಲ. ಆ ವಯಸ್ಸಿನಲ್ಲಿ ಕೆಲಸಕ್ಕೆ ಬರುವುದು ಮಡಿಲು, ಕಣ್ಣು ಮುಚ್ಚಿಕೊಳ್ಳುವ ಅನುಮತಿ, ಕೈಗೆ ಏನಾದರೂ ತಿನ್ನಲು, ಬೇರೆ ಕೋಣೆ. ಅವಳ ಉಮ್ಮನಿಗೆ ಇದೆಲ್ಲ ಓದದೆಯೇ ಗೊತ್ತಿತ್ತು.

ಹಾಗಾದರೆ ಮಗುವಿಗೆ ಭಯವೇ ತಗಲದಂತೆ ಬೆಳೆಸಬೇಕೇ? ಹಾಗೆಂದು ನಾನು ಹೇಳಲಾರೆ. ಅದೇ ಚಿತ್ರ ನೋಡಿದ ದೊಡ್ಡ ಹುಡುಗ ಮರುದಿನವಿಡೀ ಅಡಿಕೆ ತೋಟದಲ್ಲಿ ಮೌಗ್ಲಿಯಾಗಿ ಓಡಾಡಿದ. ಚಿಕ್ಕವನು ಊಟಕ್ಕೆ ಕುಳಿತಾಗ, ತೋಳಗಳ ನಾಯಕನನ್ನು ಹುಲಿ ಬಂಡೆಯಿಂದ ಕೆಡವಿದಾಗ ಉಳಿದ ತೋಳಗಳೇಕೆ ಸುಮ್ಮನಿದ್ದವು ಎಂದು ಕೇಳಿದ. ದೊಡ್ಡ ಪ್ರಶ್ನೆ. ಭಯವನ್ನು ಕಂಡೇ ಅವನಿಗೆ ಅದು ಹೊಳೆಯಿತು. ನನ್ನ ಅಜ್ಜಿಯ ಕಥೆಗಳಲ್ಲೂ ಭೂತಗಳಿದ್ದವು, ಹುಲಿಗಳಿದ್ದವು. ಆದರೆ ಕಥೆ ಹೇಳುತ್ತಿದ್ದ ಅಜ್ಜಿಗೆ ನಮ್ಮ ಮುಖ ಕಾಣುತ್ತಿತ್ತು. ನಾವು ಹತ್ತಿರ ಸರಿದು ಕುಳಿತರೆ ಹುಲಿ ಸ್ವಲ್ಪ ಚಿಕ್ಕದಾಗುತ್ತಿತ್ತು, ಕೆಲವೊಮ್ಮೆ ಬಾವಿಗೂ ಬೀಳುತ್ತಿತ್ತು. ಪರದೆಗೆ ಕಣ್ಣಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಇದೆ, ಅವನು ಪರದೆಯ ಬದಲು ಮಗುವನ್ನು ನೋಡಿದರೆ.

ಪ್ರವಾದಿ(ಸ)ರ ಜೀವನದ ಎರಡು ಸಂದರ್ಭಗಳು ಆ ದಿನಗಳಲ್ಲಿ ನನ್ನನ್ನು ಬಿಡಲಿಲ್ಲ. ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತರೂ ಮಗುವೊಂದರ ಅಳು ಕೇಳಿಸಿದರೆ ತಾಯಿಯ ತಳಮಳವನ್ನು ನೆನೆದು ಅವರು ಅದನ್ನು ಚಿಕ್ಕದಾಗಿಸುತ್ತಿದ್ದರು. ಒಂದು ಅಳುವಿಗಾಗಿ ನಮಾಝೇ ಚಿಕ್ಕದಾಯಿತು. ನಮ್ಮ ಮನೆಯಲ್ಲಿ ಚಿತ್ರ ನಿಲ್ಲಲಿಲ್ಲ. ಇನ್ನೊಂದು, ಪ್ರಯಾಣದಲ್ಲಿ ಮಲಗಿದ್ದ ಸಹಾಬಿಯೊಬ್ಬರ ಹಗ್ಗವನ್ನು ಸಂಗಾತಿಯೊಬ್ಬರು ತೆಗೆದುಕೊಂಡಾಗ ಅವರು ಬೆಚ್ಚಿಬಿದ್ದ ಪ್ರಸಂಗ. ಮುಸ್ಲಿಮನೊಬ್ಬನನ್ನು ಹೆದರಿಸುವುದು ಸಲ್ಲದೆಂದು ಪ್ರವಾದಿ(ಸ)ರು ಆಗ ತಿಳಿಸಿದರು. ಬೆಚ್ಚಿದ್ದು ಪ್ರಾಯಕ್ಕೆ ಬಂದ ಗಂಡಸು, ಹೋದದ್ದು ಒಂದು ಹಗ್ಗ. ಆ ಹದೀಸನ್ನು ನಾನು ಮಕ್ಕಳಿಗೆ ಪಾಠ ಮಾಡಿದವನು.

ಪಾಠದ ಮಾತು ಬಂದದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಚಿತ್ರ ನೋಡಿ ಹತ್ತು ದಿನವಾಗಿರಬಹುದು. ಮಲಗಿಸಲು ಹೋದಾಗ ಮಗಳು ಕೇಳಿದಳು: "ಉಪ್ಪಾ, ನೀವು ಮದ್ರಸದಲ್ಲಿ ಹೇಳಿದ ಕಬರಿನ ಹಾವು ಇದೇನಾ?"

ಮನೆಯಿಂದ ಮದ್ರಸ ಕೂಗಳತೆಯಲ್ಲಿದೆ. ಬೆಳಗ್ಗೆ ಅವಳು ನನ್ನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಚಿತ್ರ ಬರೆಯುತ್ತಾ ಕುಳಿತಿರುತ್ತಾಳೆ. ನಮಾಝ್ ತಪ್ಪಿಸುವ ಹುಡುಗರಿಗೆ ಕಬರಿನ ಶಿಕ್ಷೆಯನ್ನು ನಾನು ಬಣ್ಣಿಸುವಾಗ ಅವಳ ಕಿವಿಗಳೂ ಅಲ್ಲೇ ಇರುತ್ತವೆಂದು ನನಗೆ ಹೊಳೆದಿರಲಿಲ್ಲ. ನನ್ನ ಬಣ್ಣನೆ ಚೆನ್ನಾಗಿಯೇ ಇರುತ್ತದೆ. ಕನ್ನಡ ಬಿ.ಎ. ಮಾಡಿದವನಲ್ಲವೇ, ಉಪಮೆಗಳಿಗೆ ಕೊರತೆಯಿಲ್ಲ. ಮುಂದಿನ ಸಾಲಿನ ಆರು ವರ್ಷದ ಹುಡುಗನೊಬ್ಬ ಒಮ್ಮೆ ಅತ್ತದ್ದನ್ನು ಅವನ ಮನಸ್ಸು ಕರಗಿತೆಂದು ನಾನು ಭಾವಿಸಿದ್ದೆ.

ಚಿತ್ರದ ಹಾವು ಸುಳ್ಳೆಂದು ಹೇಳಿದ್ದೆ. ಇದನ್ನು ಏನೆಂದು ಹೇಳಲಿ? ಸುಳ್ಳೆನ್ನುವಂತಿಲ್ಲ, ನಿಜವೆಂದು ನಾಲ್ಕೂವರೆಯ ಮಗುವಿನ ದಿಂಬಿನ ಬಳಿ ಹೇಳುವಂತೆಯೂ ಇಲ್ಲ. ಅಲ್ಲಾಹನು ಮಕ್ಕಳನ್ನು ತುಂಬ ಪ್ರೀತಿಸುತ್ತಾನೆ, ನಿನ್ನ ಹತ್ತಿರ ಯಾವ ಹಾವೂ ಬರುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಮತ್ತೆ ಯಾಕೆ ಹೇಳಿದಿರಿ?" ಎಂದಳು.

ಆ ಪಾಠವನ್ನು ಈಗ ಚಿಕ್ಕ ತರಗತಿಯಿಂದ ತೆಗೆದು ದೊಡ್ಡವರಿಗೆ ಇಟ್ಟಿದ್ದೇನೆ. ಹೆದರಿಕೆಯಿಲ್ಲದೆ ಮಕ್ಕಳು ನಮಾಝಿಗೆ ನಿಲ್ಲುತ್ತಾರೆಯೇ ಎಂದು ಜಮಾಅತಿನ ಹಿರಿಯರೊಬ್ಬರು ಕೇಳಿದರು. ಆರರ ವಯಸ್ಸಿನಲ್ಲಿ ಪಕ್ಕದಲ್ಲಿ ಉಪ್ಪ ನಿಂತರೆ ಸಾಕು, ನಿಲ್ಲುತ್ತಾರೆ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನೀವೂ ಒಪ್ಪದಿರಬಹುದು. ಆದರೆ ಚಿತ್ರ ಮಾಡುವವನಿಗೆ ವಯಸ್ಸು ನೋಡಿ ತೋರಿಸು ಎನ್ನುವ ನಾನು, ಪೀಠದಲ್ಲಿ ಕುಳಿತಾಗ ವಯಸ್ಸು ನೋಡದೆ ಮಾತನಾಡುವುದು ಹೇಗೆ ಸರಿಯಾದೀತು?

ಡಿಸೆಂಬರಿನಲ್ಲಿ ಅಕ್ಕನ ಮಕ್ಕಳು ಮತ್ತೆ ಬಂದರು. ಈ ಸಲ ಒಂದು ಮೀನಿನ ಚಿತ್ರ, 2003ರ 'ಫೈಂಡಿಂಗ್ ನೀಮೋ'. ಹಿಂದಿನ ರಾತ್ರಿ ಒಬ್ಬನೇ ಕುಳಿತು ನೋಡಿದೆ. ಮಕ್ಕಳ ಚಿತ್ರವೆಂದು ಹೆಸರು, ಆದರೆ ಆರಂಭದಲ್ಲೇ ದೊಡ್ಡ ಮೀನೊಂದು ಬಂದು ತಾಯಿಯನ್ನೂ ಒಂದನ್ನುಳಿದು ಎಲ್ಲ ಮೊಟ್ಟೆಗಳನ್ನೂ ಮುಗಿಸುತ್ತದೆ. ಆ ಭಾಗವನ್ನು ದಾಟಿಸಿ ಹಾಕಿದೆ. "ಅದರ ಉಮ್ಮ ಎಲ್ಲಿ?" ಎಂದು ಮಗಳು ಕೇಳಿದಾಗ, ತೀರಿಹೋದಳು ಎಂದು ನಮ್ಮ ಮನೆಮಾತಿನಲ್ಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಪ್ಪ ಇದೆಯಲ್ಲ ಎಂದಳು.

ಚಿತ್ರ ಹಾಕುವ ಮೊದಲೇ ತಿಳಿಸಿದ್ದೆ: ನಡುವೆ ಹಲ್ಲಿನ ದೊಡ್ಡ ಮೀನು ಬರುತ್ತದೆ, ಬೇಡವೆನಿಸಿದರೆ ಎದ್ದು ಉಮ್ಮನ ಬಳಿ ಹೋಗು, ಯಾರೂ ನಗುವುದಿಲ್ಲ. ಈ ಕೊನೆಯ ಮಾತನ್ನು ದೊಡ್ಡ ಹುಡುಗನನ್ನು ನೋಡಿಕೊಂಡೇ ಹೇಳಿದ್ದೆ. ಶಾರ್ಕ್ ಮೀನು ಬೆನ್ನಟ್ಟತೊಡಗಿದಾಗ ಅವಳು ಎದ್ದು ಅಡುಗೆಮನೆಗೆ ಹೋದಳು. ದೊಡ್ಡವನು ಬಾಯಿ ತೆರೆದವನು ನನ್ನತ್ತ ನೋಡಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು:

"ಉಪ್ಪಾ, ಅದು ಹೋಯಿತಾ?"

"ಇನ್ನೂ ಇಲ್ಲ ಮಗಳೇ, ಹೋದ ಮೇಲೆ ಕರೆಯುತ್ತೇನೆ" ಎಂದೆ.