ಕಾದಿರುವದು ಆಲಸ್ಯವೋ?

ಸುಮ್ಮನೆ ಕಾದಿರುವವನನ್ನು ಸೋಮಾರಿಯೆಂದು ನಾವು ಬೇಗನೆ ತೀರ್ಪು ಮಾಡುತ್ತೇವೆ. ಫ್ರಾನ್ಸ್ ದೇಶದ ಪಾಕಶಾಲೆಗಳಲ್ಲಿ ರೊಟ್ಟಿ ಸುಡುವದನ್ನು ಕಲಿಯುವವರಿಗಾದರೋ ಬೇರೆ ಪಾಠವುಂಟು. ಉದ್ದವಾದ ಬಾಗೆತ್, ಬೆಣ್ಣೆಮೊಟ್ಟೆಗಳ ಬ್ರಿಯೋಶ್, ರೈ ಧಾನ್ಯದ ಕಪ್ಪು ರೊಟ್ಟಿ, ಇವುಗಳ ರೂಪರುಚಿಗಳು ಬೇರೆ ಬೇರೆ. ಆದರೆ ನಾದಿದ ಹಿಟ್ಟು ಉಬ್ಬುವ ತನಕ ಕಾಯದೆ ಒಂದೂ ಸಿದ್ಧಿಸದು. ಅವಸರಪಟ್ಟವನ ರೊಟ್ಟಿ ಒಳಗೆ ಗಟ್ಟಿಯಾಗುವದು. ಯಾಕಂದರೆ ಹುಳಿಯಲ್ಲಿರುವ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ತಿಂದು ವಾಯುವನ್ನು ಬಿಡುವದರಿಂದಲೇ ಅದು ಉಬ್ಬುತ್ತದೆ. ಹುಳಿಯುವದು ಜೀವಿಗಳ ಕೆಲಸವೆಂದು ಲೂಯಿ ಪಾಸ್ಚರನು 1857ರಿಂದೀಚೆಗೆ ತೋರಿಸಿಕೊಟ್ಟನು. ಆದಕಾರಣ ಕೈ ನಿಂತಾಗಲೂ ಕೆಲಸ ನಿಲ್ಲುವದಿಲ್ಲ.

ಆಲಸಿಯು ನಾದದೆ ಕಾಯುತ್ತಾನೆ. ಕೆಲಸಗಾರನು ನಾದಿ, ಮುಚ್ಚಿಟ್ಟು, ಎಚ್ಚರವಾಗಿದ್ದು ಕಾಯುತ್ತಾನೆ. ಒಂದು ಮಗುವನ್ನು ಮಂದಮತಿಯೆಂದು ತಳ್ಳಿಬಿಡುವ ಮುಂಚೆ, ನಾವು ನಾದಿದೆವೋ, ನಾದಿ ಕಾದೆವೋ ಎಂದು ನಮ್ಮನ್ನೇ ಕೇಳಿಕೊಳ್ಳೋಣ.