ದಾರಿಯ ಸೊಗಸು ಮತ್ತು ಊರಿನ ನೆನಪು: ಸಂತ ಅಗಸ್ಟೀನರ ಒಂದು ಎಚ್ಚರಿಕೆ, ಜಲ್ಲಿಹಾದಿಯ ಸೈಕಲ್ಲಿನ ಮೇಲೆ

ಉತ್ತರ ಆಫ್ರಿಕಾದ ಹಿಪ್ಪೊ ನಗರದ ಬಿಷಪರಾಗಿದ್ದ ಸಂತ ಅಗಸ್ಟೀನರು ಕ್ರಿ.ಶ. 396ರ ಸುಮಾರಿಗೆ ಬರೆಯಲು ತೊಡಗಿ, ಮೂರು ದಶಕಗಳ ನಂತರ ಮುಗಿಸಿದ ‘ದೆ ದೊಕ್ತ್ರಿನಾ ಕ್ರಿಸ್ತಿಯಾನಾ’ ಎಂಬ ಗ್ರಂಥದ ಮೊದಲ ಭಾಗದಲ್ಲಿ, ಮನುಷ್ಯನಿಗೆ ವಸ್ತುಗಳೊಡನೆ ಇರಬಹುದಾದ ಸಂಬಂಧವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದು ವಸ್ತುವನ್ನು ಅದಕ್ಕಾಗಿಯೇ ಪ್ರೀತಿಸಿ ಅದರಲ್ಲೇ ನೆಲೆನಿಲ್ಲುವುದು ಆಸ್ವಾದ. ಬೇರೊಂದನ್ನು ಪಡೆಯುವ ಸಲುವಾಗಿ ಅದನ್ನು ಕೈಗೆತ್ತಿಕೊಳ್ಳುವುದು ಬಳಕೆ. ಕಡೆಯ ಮಾತಿನಲ್ಲಿ ಆಸ್ವಾದಕ್ಕೆ ಅರ್ಹನಾದವನು ದೇವರೊಬ್ಬನೇ, ಸೃಷ್ಟಿಯ ಉಳಿದುದೆಲ್ಲ ಬಳಕೆಗೆ ಸಲ್ಲತಕ್ಕದ್ದು ಎಂಬ ಈ ಕಠಿಣ ನಿಲುವನ್ನು ವಿಶದಪಡಿಸಲು ಅವರು ಆರಿಸಿಕೊಳ್ಳುವುದು ಪ್ರಯಾಣದ ದೃಷ್ಟಾಂತವನ್ನು. ಊರಿನಿಂದ ದೂರ ಬಿದ್ದ ಯಾತ್ರಿಕನಿಗೆ ಮರಳಿ ಹೋಗಲು ನೆಲದ ಮೇಲಿನದೋ ನೀರಿನ ಮೇಲಿನದೋ ಒಂದು ವಾಹನ ಬೇಕು. ಆದರೆ ದಾರಿಯ ಸೊಗಸೂ ವಾಹನದ ಚಲನೆಯೂ ಅವನನ್ನು ರಂಜಿಸತೊಡಗಿದರೆ ಪ್ರಯಾಣ ಬೇಗ ಮುಗಿಯುವುದೇ ಅವನಿಗೆ ಬೇಡವಾಗುತ್ತದೆ, ಬಳಸಬೇಕಾದುದನ್ನು ಆಸ್ವಾದಿಸುತ್ತ ಅವನು ಊರನ್ನೇ ಮರೆಯುತ್ತಾನೆ. ದಾರಿ ಕಷ್ಟದ್ದಾದರೆ ಯಾತ್ರಿಕ ದಣಿಯುತ್ತಾನೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ದಾರಿ ಸುಖದ್ದಾದರೆ ಅವನು ಕೆಡುತ್ತಾನೆ ಎಂಬುದೇ ಇಲ್ಲಿನ ವಿಶೇಷ.

ಅಗಸ್ಟೀನರ ಕಾಲದ ಗಾಡಿಯಲ್ಲಿ ಕೂತವನು ಬರಿಯ ಸವಾರ, ಎಳೆಯುವ ಕೆಲಸ ಪ್ರಾಣಿಗಳದ್ದು. ಸವಾರನ ಸ್ನಾಯುಗಳೇ ನಡೆಸುವ ವಾಹನವೊಂದು ಬಂದಾಗ, ಅದರಲ್ಲೂ ಬೇಗ ತಲುಪುವುದನ್ನು ಬೇಕೆಂದೇ ಬಿಟ್ಟುಕೊಟ್ಟ ವಾಹನ ಬಂದಾಗ, ಈ ಎಚ್ಚರಿಕೆಯ ಸ್ವರೂಪವೇನು ಎಂಬುದು ಪರಿಶೀಲಿಸತಕ್ಕ ಪ್ರಶ್ನೆ. ಗ್ರಾವೆಲ್ ಸೈಕಲ್ ಎಂದು ಕರೆಯಲಾಗುವ ಈ ವಾಹನ ನೋಟಕ್ಕೆ ರೇಸಿನ ಸೈಕಲ್ಲಿನಂತೆಯೇ ಕೆಳಮುಖವಾಗಿ ಬಾಗಿದ ಹ್ಯಾಂಡಲನ್ನು ಹೊಂದಿದ್ದರೂ, ಡಾಂಬರಿನ ಮೇಲೆ ಓಡುವ ಸೈಕಲ್ಲಿನ ಟೈರಿಗಿಂತ ಬಹಳ ಅಗಲವಾದ, ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರಿನ ಟೈರುಗಳನ್ನು ಕಡಿಮೆ ಗಾಳಿಯೊತ್ತಡದಲ್ಲಿ ಬಳಸುತ್ತದೆ. ಏರಿಗೆಂದು ಹಗುರವಾದ ಗೇರುಗಳೂ ಕೆಸರಿನಲ್ಲೂ ಹಿಡಿಯುವ ಡಿಸ್ಕ್ ಬ್ರೇಕುಗಳೂ ಇದಕ್ಕಿರುತ್ತವೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದಕ್ಕೆಂದೇ ಏರ್ಪಡಿಸಿದ ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವಿಚೆಂಝಾದಿಂದ ಚಿತ್ತದೆಲ್ಲಾದವರೆಗೆ ನಡೆಯಿತು. ಆದರೆ ಸ್ಪರ್ಧೆಯ ಹೊರಗೆ, ಪಕ್ಕದಲ್ಲೇ ಡಾಂಬರು ರಸ್ತೆಯೂ ಅದರಾಚೆಗೆ ರೈಲೂ ಇರುವಾಗ ಜಲ್ಲಿಯ ಹಾದಿಯನ್ನು ಹಿಡಿಯುವವನು ವಿಳಂಬವನ್ನು ತಾನಾಗಿಯೇ ಆರಿಸಿಕೊಂಡಿರುತ್ತಾನೆ. ಅಗಸ್ಟೀನರು ಹೊರಿಸುವ ಆಪಾದನೆ ಅವನಿಗೆ ಅಕ್ಷರಶಃ ತಾಗುತ್ತದೆ.

ಈ ಆಪಾದನೆಯನ್ನು ಪರೀಕ್ಷಿಸಲು ಅತ್ಯಂತ ತಕ್ಕ ನೆಲವೆಂದರೆ ‘ವಿಯಾ ಫ್ರಾಂಚಿಜೆನಾ’ ಎಂಬ ಯಾತ್ರಾಮಾರ್ಗದ ಉತ್ತರ ಇಟಲಿಯ ಭಾಗ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ 990ರಲ್ಲಿ ಪೋಪರಿಂದ ಅಧಿಕಾರ ಚಿಹ್ನೆಯಾದ ಉಣ್ಣೆಯ ಪಟ್ಟಿಯನ್ನು ಪಡೆಯಲು ರೋಮಿಗೆ ಹೋಗಿ ಮರಳುವಾಗ, ತಂಗಿದ ಊರುಗಳ ಪಟ್ಟಿಯೊಂದು ಬರಹದಲ್ಲಿ ಉಳಿದುಕೊಂಡಿತು; ಆ ಸುಮಾರು 80 ತಾಣಗಳ ಆಧಾರದ ಮೇಲೆ ಪುನಾರಚಿತವಾದ ಮಾರ್ಗಕ್ಕೆ ಯುರೋಪ್ ಮಂಡಳಿ 1994ರಲ್ಲಿ ಸಾಂಸ್ಕೃತಿಕ ಮಾರ್ಗವೆಂಬ ಮನ್ನಣೆ ನೀಡಿತು. ಸ್ವಿಟ್ಜರ್ಲೆಂಡಿನ ಕಡೆಯಿಂದ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಮಾರ್ಗವನ್ನು ದಾಟುವ ಹಾದಿ, ತತ್ತ್ವಜ್ಞಾನಿ ಸಂತ ಆನ್ಸೆಲ್ಮರು 1033ರಲ್ಲಿ ಹುಟ್ಟಿದ ಆವೋಸ್ಟಾ ಪಟ್ಟಣಕ್ಕೆ ಇಳಿದು, ದೋರಾ ಬಾಲ್ತೆಯಾ ನದಿಯ ಕಣಿವೆಯನ್ನು ಅನುಸರಿಸಿ ಇವ್ರೆಯಾದ ಬಳಿ ಬೆಟ್ಟದ ತಪ್ಪಲಿಗೆ ಬರುತ್ತದೆ. ಅಲ್ಲಿಂದ ವೆರ್ಚೆಲ್ಲಿಯ ಗದ್ದೆಬಯಲನ್ನು ಹಾದು ಟಿಚೀನೊ ನದಿಯ ದಡದ ಪಾವಿಯಾ ನಗರವನ್ನು ಸೇರುತ್ತದೆ. ಎಂಟನೆಯ ಶತಮಾನದಲ್ಲಿ ಲೊಂಬಾರ್ಡರ ದೊರೆ ಲಿಯುತ್‌ಪ್ರಾಂಡ್ ಸಾರ್ಡಿನಿಯಾ ದ್ವೀಪದಿಂದ ತರಿಸಿದ ಅಗಸ್ಟೀನರ ಅವಶೇಷಗಳು ಇರುವುದು ಇದೇ ಪಾವಿಯಾದ ಸಾನ್ ಪಿಯೆತ್ರೊ ಇನ್ ಚೆಲ್ ದೋರೊ ಚರ್ಚಿನಲ್ಲಿ. ದಾರಿಯಲ್ಲಿ ರಮಿಸಬೇಡವೆಂದವರ ಸಮಾಧಿಯೇ ದಾರಿಯ ಒಂದು ತಾಣವಾಗಿರುವುದು ಕಾಕತಾಳೀಯವೇ ಇರಬಹುದು, ಆದರೆ ಚಿಂತನೆಗೆ ಒದಗಿಬಂದ ಕಾಕತಾಳೀಯ.

ಈ ಹಾದಿಯ ನೆಲದ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಾದದ ಅರ್ಧ ಭಾಗ ನೆಲದಲ್ಲೇ ಇದೆ. ಹಿಮಯುಗಗಳಲ್ಲಿ ಆವೋಸ್ಟಾ ಕಣಿವೆಯಿಂದ ಇಳಿದ ಹಿಮನದಿ ತಾನು ಕೆರೆದು ತಂದ ಕಲ್ಲುಮಣ್ಣನ್ನು ಇವ್ರೆಯಾದ ಸುತ್ತ ಅರ್ಧವೃತ್ತಾಕಾರದ ಏರಿಗಳಾಗಿ ಒಟ್ಟಿತು. ಅವುಗಳಲ್ಲಿ ಸೆರ್ರಾ ಎಂಬ ಏರಿ ದಿಗಂತಕ್ಕೆ ಗೆರೆ ಎಳೆದಷ್ಟು ನೇರವಾಗಿದೆ. ಅಲ್ಲಿಂದ ಮುಂದೆ ನದಿಗಳು ಆ ಕಲ್ಲನ್ನೇ ಅರೆಯುತ್ತ ಸಾಗಿದಂತೆ ಬಂಡೆ ಉರುಟುಗಲ್ಲಾಗಿ, ಉರುಟುಗಲ್ಲು ಹರಳಾಗಿ, ಹರಳು ಮರಳಾಗಿ, ಕೊನೆಗೆ ಜೇಡಿಯಾಗುತ್ತದೆ. ಮೇಲಿನ ಬಯಲಿನ ಹರಳುನೆಲದಲ್ಲಿ ಇಂಗಿಹೋದ ನೀರು, ಕೆಳಬಯಲಿನ ಜೇಡಿಪದರ ಅಡ್ಡವಾಗುವ ಕಡೆ ಮತ್ತೆ ಮೇಲೆದ್ದು ಒರತೆಗಳ ಒಂದು ಉದ್ದನೆಯ ಸಾಲನ್ನು ನಿರ್ಮಿಸುತ್ತದೆ. ಕಾರಿನಲ್ಲಿ ಹೋಗುವವನಿಗೆ ಇದೆಲ್ಲ ಪುಸ್ತಕದ ವಿಷಯ. ಜಲ್ಲಿಹಾದಿಯ ಸವಾರನಿಗಾದರೋ ಚಕ್ರದಡಿಯ ಸದ್ದೂ ಕೈಗೆ ತಾಗುವ ಅದುರೂ ಪರ್ವತವು ಬಯಲಾಗುವ ಈ ಕ್ರಮವನ್ನು ಗಂಟೆಗಂಟೆಗೂ ತಿಳಿಸುತ್ತವೆ. ಸಡಿಲ ನೆಲದಲ್ಲಿ ಜಾರದೆ ಹೋಗಬೇಕಾದರೆ ಅವನು ಆ ತಿಳಿವಿಗೆ ಸದಾ ಕಿವಿಗೊಟ್ಟಿರಬೇಕಾಗುತ್ತದೆ. ಆಸ್ವಾದ ಎಂದಾಗ ಅಗಸ್ಟೀನರ ಮನಸ್ಸಿನಲ್ಲಿದ್ದುದು ಮರೆವು ತರುವ ಸುಖ. ಇಲ್ಲಿನ ಸುಖವೋ ಎಚ್ಚರವಿಲ್ಲದೆ ದೊರೆಯುವಂತಹುದೇ ಅಲ್ಲ. ಇದು ಅವರ ವಿಂಗಡಣೆಗೆ ಎದುರಾಗುವ ಮೊದಲ ತೊಡಕು.

ಅವರ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ‘ಕನ್ಫೆಶನ್ಸ್’ ಎಂಬ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಅವರು, ಜನ ಬೆಟ್ಟಗಳ ಎತ್ತರವನ್ನೂ ನದಿಗಳ ಹರಹನ್ನೂ ಬೆರಗಿನಿಂದ ನೋಡಹೋಗಿ ತಮ್ಮನ್ನು ತಾವು ಹಿಂದೆ ಬಿಟ್ಟುಬಿಡುತ್ತಾರೆ ಎಂಬ ಅರ್ಥದ ಮಾತನ್ನಾಡಿದ್ದಾರೆ. ಕವಿ ಪೆಟ್ರಾರ್ಕ್ ತಾನು 1336ರಲ್ಲಿ ಮೊಂ ವೆಂತೂ ಪರ್ವತವನ್ನೇರಿ ಅದರ ನೆತ್ತಿಯ ಮೇಲೆ ಈ ಪುಟವನ್ನೇ ತೆರೆದು ನಾಚಿದುದಾಗಿ ಹೇಳಿಕೊಂಡಿದ್ದಾನೆ. (ಅದೇ ಪರ್ವತ ಈಗ ಸೈಕಲ್ ಸವಾರರ ಅತಿ ಪ್ರಸಿದ್ಧ ಏರುಗಳಲ್ಲಿ ಒಂದು, ನಾಚಿಕೆಯ ಸುದ್ದಿ ಅಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.) ಎಚ್ಚರವೂ ಹೊರಮುಖವಾದದ್ದಾದರೆ ಅದು ಮರೆವಿನ ಇನ್ನೊಂದು ರೂಪವೇ ಎಂಬುದು ಈ ನಿಲುವಿನ ಸಾರ.

ಆದರೆ ತಪ್ಪಲನ್ನು ಬಿಟ್ಟು ಬಯಲಿಗೆ ಇಳಿದಾಗ ಪ್ರಶ್ನೆ ತಲೆಕೆಳಗಾಗುತ್ತದೆ. ವೆರ್ಚೆಲ್ಲಿಯ ಸುತ್ತಲಿನ ಭತ್ತದ ನಾಡಿನಲ್ಲಿ ಹಾದಿ ಕಾಲುವೆಗಳ ಏರಿಯ ಮೇಲೆ ನೆರಳಿಲ್ಲದೆ, ತಿರುವಿಲ್ಲದೆ ಸಾಗುತ್ತದೆ. 1863ರಿಂದ 1866ರ ನಡುವೆ ತೋಡಲಾದ ಕಾವೂರ್ ಕಾಲುವೆಯ ಜಾಲ ಪೊ ನದಿಯ ನೀರನ್ನು ಇಲ್ಲಿಗೆ ತರುತ್ತದೆ, ವಸಂತದಲ್ಲಿ ಗದ್ದೆಗಳಿಗೆ ನೀರು ಕಟ್ಟಿದಾಗ ಕಣ್ಣಿಗೆ ಬೀಳುವುದು ನೀರು, ಬದು ಮತ್ತು ಸೊಳ್ಳೆ. ಗದ್ದೆಬಯಲಿನ ಸೊಗಸನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಷ್ಟು ನೀರಸವೆನಿಸಲಾರದು, ಆದರೂ ಯಾತ್ರಿಕರಲ್ಲಿ ಅನೇಕರು ಬೇಗ ದಾಟಿಬಿಡಲು ಬಯಸುವ ಭಾಗ ಇದೇ. ದಾರಿ ಮುಗಿಯಲಿ ಎಂಬ ಆತುರವೇ ಸರಿಯಾದ ಯಾತ್ರಿಕನ ಲಕ್ಷಣವಾದರೆ, ತಪ್ಪಲಿನಲ್ಲಿ ಮೈಮರೆತ ಸವಾರ ಬಯಲಿಗೆ ಬಂದೊಡನೆ ತಾನಾಗಿಯೇ ಸಂತನಾಗಿಬಿಡಬೇಕಿತ್ತು. ಹಾಗಾಗುವುದಿಲ್ಲ. ನೆಲವನ್ನು ಬರಿಯ ಅಡ್ಡಿಯೆಂದು ಕಾಣುವ ಆತುರದಲ್ಲಿ ಊರಿನ ಹಂಬಲ ಇರಲೇಬೇಕೆಂದಿಲ್ಲ, ಬೇಸರವೊಂದೇ ಇರಬಹುದು. ಶುದ್ಧ ಬಳಕೆಯೂ ಶುದ್ಧ ಆಸ್ವಾದದಷ್ಟೇ ಸುಲಭವಾಗಿ ಊರನ್ನು ಮರೆಸಬಲ್ಲದು ಎಂಬುದನ್ನು ಬೆಟ್ಟ ಕಲಿಸಲಾರದು, ಬಯಲು ಮಾತ್ರ ಕಲಿಸೀತು.

ಆ ಬಯಲಿನ ಹಾದಿಗಳು ಯಾರಿಗಾಗಿ ಆದವು ಎಂಬುದನ್ನು ನೆನೆದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಕಾಲುವೆಯ ಏರಿಗಳೂ ಗದ್ದೆಯ ನಡುವಣ ಜಲ್ಲಿಹಾದಿಗಳೂ ನೀರುಗಂಟಿಗಳ, ರೈತರ ಮತ್ತು ‘ಮೊಂದೀನೆ’ ಎಂದು ಹೆಸರಾದ ಕಳೆಕೀಳುವ ಹೆಂಗಸರ ದುಡಿಮೆಯ ದಾರಿಗಳು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತು ದುಡಿಯುತ್ತಿದ್ದ ಅವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವೆರ್ಚೆಲ್ಲಿ ಪ್ರದೇಶದಲ್ಲಿ ಹೋರಾಡಿ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಹಕ್ಕನ್ನು ಪಡೆದರು. ಒಬ್ಬರ ಬೆವರಿನ ದಾರಿ ಇನ್ನೊಬ್ಬರ ವಿಹಾರಕ್ಕೋ ಸಾಧನೆಗೋ ಒದಗುವಾಗ ಅಲ್ಲಿನ ಮನುಷ್ಯರು ಸವಾರನಿಗೆ ಏನಾಗುತ್ತಾರೆ? ಅಗಸ್ಟೀನರೂ ತಮ್ಮ ವಿಂಗಡಣೆಯನ್ನು ನೆರೆಯವನಿಗೆ ಅನ್ವಯಿಸಲು ಹೊರಟಾಗ ತಡವರಿಸುತ್ತಾರೆ: ಮನುಷ್ಯನು ಮನುಷ್ಯನನ್ನು ಬಳಸಬೇಕೋ ಆಸ್ವಾದಿಸಬೇಕೋ ಎಂದು ತಾವೇ ಕೇಳಿಕೊಂಡು, ಕೊನೆಗೆ ದೇವರಲ್ಲಿ ಒಬ್ಬರನ್ನೊಬ್ಬರು ಆಸ್ವಾದಿಸುವುದೆಂಬ ಮೂರನೆಯ ನೆಲೆಗೆ ಬರುತ್ತಾರೆ. ಅವರ ಎರಡು ಕೋಣೆಗಳ ಗೋಡೆಯಲ್ಲಿ ಅವರೇ ತೆರೆದ ಬಾಗಿಲು ಇದು.

ಇನ್ನು ಶ್ರಮದ ಮಾತು. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದಲ್ಲಿ ಯಾತ್ರೆಯ ಪ್ರಮಾಣಪತ್ರ ಪಡೆಯಲು ಕಾಲ್ನಡಿಗೆಯವರು ಕನಿಷ್ಠ 100 ಕಿಲೋಮೀಟರನ್ನು ಕ್ರಮಿಸಿರಬೇಕು, ಸೈಕಲ್ಲಿನವರು 200 ಕಿಲೋಮೀಟರನ್ನು. ರೋಮಿನ ಯಾತ್ರೆಗೂ ಇದೇ ಲೆಕ್ಕ ಚಾಲ್ತಿಯಲ್ಲಿದೆ. ಚಕ್ರ ಕೊಡುವ ಸೌಕರ್ಯಕ್ಕೆ ದೂರವನ್ನು ಇಮ್ಮಡಿಯಾಗಿಸಿ ತೆರಿಗೆ ಹಾಕುವ ಈ ನಿಯಮ ಆಡಳಿತಕ್ಕೆ ಅನಿವಾರ್ಯವೇ ಇರಬಹುದು, ಆದರೆ ಅದರ ಹಿಂದೆ ಪುಣ್ಯವನ್ನು ಶ್ರಮದಿಂದ ಅಳೆಯುವ ಮನೋಭಾವವಿದೆ. ಮನುಷ್ಯ ಸ್ವಂತ ಸಂಕಲ್ಪಬಲದಿಂದಲೇ ಒಳಿತನ್ನು ಸಾಧಿಸಬಲ್ಲ ಎಂದ ಪೆಲಾಜಿಯಸ್‌ನನ್ನೂ ಅವನ ಅನುಯಾಯಿಗಳನ್ನೂ ಬದುಕಿನ ಕೊನೆಯ ಎರಡು ದಶಕಗಳ ಕಾಲ ಎದುರಿಸಿ, ಕೃಪೆಯೇ ಮೊದಲು ಎಂದು ವಾದಿಸಿದ ಅಗಸ್ಟೀನರು ಈ ಲೆಕ್ಕವನ್ನು ಒಪ್ಪುತ್ತಿದ್ದರೆನಿಸುವುದಿಲ್ಲ. ಇದೇ ವಿವಾದ ಶ್ರೀವೈಷ್ಣವರಲ್ಲೂ ನಡೆದಿದೆ: ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳುವ ಮರಿಯ ಮರ್ಕಟನ್ಯಾಯವನ್ನು ವಡಗಲೈ ಪಂಥಕ್ಕೂ, ತಾಯಿ ಬಾಯಲ್ಲಿ ಕಚ್ಚಿ ಒಯ್ಯುವ ಮರಿಯ ಮಾರ್ಜಾಲನ್ಯಾಯವನ್ನು ತೆಂಗಲೈ ಪಂಥಕ್ಕೂ ಸಂಪ್ರದಾಯ ಹೇಳುತ್ತ ಬಂದಿದೆ. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರ ಬೊಕ್ಕೆಗಾಲುಗಳು ಯಾವ ನ್ಯಾಯಕ್ಕೆ ಸೇರುತ್ತವೆ ಎಂದು ಅವರನ್ನು ಕೇಳಿದರೆ, ಮಲ್ಲಯ್ಯ ನಡೆಸಿಕೊಂಡು ಹೋಗುತ್ತಾನೆ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಶ್ರಮಪಟ್ಟವರೇ ಶ್ರಮದ ಲೆಕ್ಕವಿಡುವುದಿಲ್ಲ.

ಶ್ರೀವೈಷ್ಣವ ಸಿದ್ಧಾಂತದ ಉಲ್ಲೇಖ ಇಲ್ಲಿ ಹೋಲಿಕೆಯ ಚಪಲದಿಂದ ಬಂದದ್ದಲ್ಲ. ಗುರಿಯನ್ನು ‘ಉಪೇಯ’ವೆಂದೂ ಅದನ್ನು ಮುಟ್ಟಿಸುವ ಸಾಧನವನ್ನು ‘ಉಪಾಯ’ವೆಂದೂ ಕರೆಯುವ ಆ ಸಂಪ್ರದಾಯ, ಶರಣಾಗತನಾದವನಿಗೆ ಭಗವಂತನೇ ಉಪಾಯವೂ ಹೌದು ಉಪೇಯವೂ ಹೌದು ಎಂದು ಸಾರುತ್ತದೆ, ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆಯ ನಾಡಿನವರಿಗೆ ಇದು ಪರಿಚಿತ ತತ್ತ್ವ. ಅಚ್ಚರಿಯೆಂದರೆ, ವಾಹನದ ಸುಖದ ಬಗ್ಗೆ ಎಚ್ಚರಿಸಿದ ಅದೇ ಭಾಗದಲ್ಲಿ, ಕೆಲವೇ ಪುಟಗಳ ಮುಂದೆ, ಅಗಸ್ಟೀನರೂ ತಾಯ್ನಾಡೇ ಆಗಿರುವ ದೈವೀ ಪ್ರಜ್ಞೆಯು ಮನುಷ್ಯಾವತಾರದ ಮೂಲಕ ತಾಯ್ನಾಡಿಗೆ ಹೋಗುವ ದಾರಿಯೂ ಆಯಿತು ಎನ್ನುತ್ತಾರೆ. ಎರಡು ಸಿದ್ಧಾಂತಗಳ ನಡುವೆ ದೊಡ್ಡ ಅಂತರಗಳಿವೆ, ಅವತಾರದ ಕಲ್ಪನೆಯೇ ಬೇರೆ; ಆದರೂ ಸಾಧನಕ್ಕೂ ಸಾಧ್ಯಕ್ಕೂ ನಡುವಿನ ಗೋಡೆಯನ್ನು ಸಾಧ್ಯವೇ ದಾಟಿಬರುತ್ತದೆಂಬ ಮಾತು ಎರಡರಲ್ಲೂ ಇದೆ. ಹಾಗಾದರೆ ದಾರಿಯಲ್ಲಿ ಸಿಗುವ ಸುಖವೆಲ್ಲ ದ್ರೋಹವಾಗಬೇಕಿಲ್ಲ. ಊರಿನವರೇ ದಾರಿಗೆ ಬಂದು ಎದುರುಗೊಂಡದ್ದರ ಗುರುತೂ ಅದಾಗಿರಬಹುದು. ಅಗಸ್ಟೀನರ ಎಚ್ಚರಿಕೆಯನ್ನು ಅವರದೇ ಈ ಮಾತಿನ ಬೆಳಕಿನಲ್ಲಿ ಓದುವುದು ನ್ಯಾಯವೆಂದು ತೋರುತ್ತದೆ.

ಸವಾರನಿಗೆ ನಿಜವಾದ ಅಪಾಯ ಬೇರೆಡೆ ಇದೆ. ಬೈಬಲ್ಲಿನ ಯೋಹಾನನ ಮೊದಲ ಪತ್ರವನ್ನು ಅನುಸರಿಸಿ ಅಗಸ್ಟೀನರು ಮೂರು ಬಗೆಯ ಲಾಲಸೆಗಳನ್ನು ಹೆಸರಿಸುತ್ತಾರೆ: ಮೈಯ ಸುಖ, ಕಣ್ಣಿನ ಕುತೂಹಲ, ಹೆಮ್ಮೆಯ ಹಂಬಲ. ಹ್ಯಾಂಡಲ್ಲಿಗೆ ಕಟ್ಟಿದ ಪುಟ್ಟ ಪರದೆ ಏರಿದ ಮೀಟರುಗಳನ್ನೂ ಎದೆಬಡಿತವನ್ನೂ ಎಣಿಸಿ, ಸಂಜೆಗೆ ಅದನ್ನು ಹತ್ತು ಜನರ ಮುಂದಿಡುವಾಗ, ಮೈಯ ಸುಖವು ಪಕ್ಕಕ್ಕೆ ಸರಿದು ಉಳಿದೆರಡು ಮೇಲೆ ಬರುತ್ತವೆ. ದಾರಿಯ ಸೊಗಸಿನಲ್ಲಿ ಮೈಮರೆತವನು ಕನಿಷ್ಠ ದಾರಿಯಲ್ಲಾದರೂ ಇರುತ್ತಾನೆ.

ಇಟಲಿಯ ಕ್ರೈಸ್ತಸಭೆ ಸೈಕಲ್ಲನ್ನು ಕೈಬಿಡದೆ ಅದಕ್ಕೊಂದು ಬೇರೆಯ ಸ್ಥಾನ ಕಲ್ಪಿಸಿದ ನಿದರ್ಶನವೂ ಇದೆ. ಆಲ್ಪ್ಸ್ ತಪ್ಪಲಿನಲ್ಲೇ, ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಗುಡ್ಡದ ಚಾಪೆಲಿನ ಮಾತೆ ಮರಿಯಳನ್ನು 12ನೆಯ ಪಿಯುಸ್ ಪೋಪರು 1949ರಲ್ಲಿ ಸೈಕಲ್ ಸವಾರರ ರಕ್ಷಕಿಯೆಂದು ಘೋಷಿಸಿದರು. ಬಾರ್ತಾಲಿ, ಕೊಪ್ಪಿಯಂತಹ ವಿಜೇತರ ಸೈಕಲ್ಲುಗಳ ಜೊತೆಗೆ 1995ರ ಟೂರ್ ದೆ ಫ್ರಾನ್ಸಿನಲ್ಲಿ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡ ಫಾಬಿಯೊ ಕಸಾರ್ತೆಲ್ಲಿಯ ಜಖಂಗೊಂಡ ಸೈಕಲ್ಲೂ ಅಲ್ಲಿದೆ. ಗೋಡೆಗೇರಿದ ಸೈಕಲ್ ಬಳಕೆಗೂ ಇಲ್ಲ, ಆಸ್ವಾದಕ್ಕೂ ಇಲ್ಲ, ಅದು ಸಮರ್ಪಿತ.

ನಂಬಿಕೆಯಿಲ್ಲದ ಸವಾರನ ವಿಷಯ ಮಾತ್ರ ಹೀಗೆ ಇತ್ಯರ್ಥವಾಗುವುದಿಲ್ಲ, ಮತ್ತು ಈ ಮಾರ್ಗದಲ್ಲಿ ಅಂಥವರು ಕಡಿಮೆಯೇನಲ್ಲ. ದಾರಿಯೇ ಗುರಿ ಎಂಬ ಜನಪ್ರಿಯ ಘೋಷಣೆಯನ್ನು ಅವರ ಪರವಾಗಿ ಮುಂದಿಡುವುದು ರೂಢಿ, ಮತ್ತು ಮೇಲ್ನೋಟಕ್ಕೆ ಅದು ಅಗಸ್ಟೀನರ, ಶ್ರೀವೈಷ್ಣವ ಆಚಾರ್ಯರ ಮಾತಿನಂತೆಯೇ ಕೇಳುತ್ತದೆ; ಆದರೆ ಅವರು ಹೇಳಿದ್ದು ಗುರಿಯು ದಾರಿಗೆ ಇಳಿದುಬಂದಿದೆ ಎಂದು, ಘೋಷಣೆ ಹೇಳುವುದು ಬೇರೆ ಗುರಿಯೇ ಇಲ್ಲವೆಂದು. ಮೊದಲನೆಯದರಲ್ಲಿ ದಾರಿಗೆ ಬೆಲೆ ಬರುವುದು ಇನ್ನೊಬ್ಬರಿಂದ, ಎರಡನೆಯದರಲ್ಲಿ ಸವಾರನ ಅನುಭವದಿಂದ. ಆ ಅನುಭವ ಬತ್ತಿದ ದಿನ, ನೆರಳಿಲ್ಲದ ಕಾಲುವೆಯ ಏರಿಯ ಮೇಲೆ ನಲವತ್ತು ಕಿಲೋಮೀಟರ್ ಇನ್ನೂ ಉಳಿದಿರುವಾಗ, ಎರಡನೆಯವನು ಪೆಡಲು ತುಳಿಯಲು ಬೇರೊಂದು ಕಾರಣವನ್ನು ಹುಡುಕಿಕೊಳ್ಳಬೇಕಾಗುತ್ತದೆ, ಅಥವಾ ರೈಲು ಹತ್ತಬೇಕಾಗುತ್ತದೆ.